ಮೂರು ಸಲ ಕೇಳಿದ ಮೇಲೆ

ಗುರ್ಯಾ, ನನ್ನ ದೋಸ್ತಾ,

ನಮ್ಮ ಮಾರ್ಕ್ಸ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಆಲ್ಬಮ್ಮುಗಳ ಹೆಸರು, ಎಡಕ್ಕೆ ನಿನ್ನ ಮಾರ್ಕ್ಸು, ಬಲಕ್ಕೆ ನನ್ನವು, ಎಲ್ಲ ಹಾಗೇ ಇವೆ. ನಾನು ದಿನಾ ಡೈರಿ ಬರೆಯುವುದನ್ನು ನೀನು ಎಷ್ಟು ಆಡಿಕೊಳ್ಳುತ್ತಿದ್ದೆ. "ಏನಲೇ ಮಲ್ಲ್ಯಾ, ಇವತ್ತ ಎಷ್ಟ ಸಲ ಸೀನಿದಿ ಅನ್ನೂದನ್ನೂ ಬರದಿಯೇನ?" ಬಹುಶಃ ಬರೆಯುತ್ತಿದ್ದೆ. ಆದರೆ ಹೋದ ವರ್ಷದ ಫೆಬ್ರವರಿಯ ಆ ಭಾನುವಾರದ ಪುಟ ಖಾಲಿ ಇದೆ. ಅಲ್ಲಿ ಬರೆಯಬೇಕಾಗಿದ್ದುದು ಒಂದೇ ಮಾತು. ನಿನಗೆ ಬಡಿದ ಭುಜ ನನ್ನದು, ಮತ್ತು ನಾನು ಸಿಟ್ಟಿನಿಂದಲೇ ಬಡಿದೆ. ಗದ್ದಲದಲ್ಲಿ ಯಾರೋ ಗುದ್ದಿದರು ಎಂದು ನಿಮ್ಮ ಅವ್ವ ಹದಿಮೂರು ತಿಂಗಳು ನಂಬಿದ್ದರು. ಆ ಹದಿಮೂರು ತಿಂಗಳೂ ನಾನು ಅವರ ಮುಂದೆ ಕೂತು ಚಹಾ ಕುಡಿದಿದ್ದೇನೆ. ಹೇಳಲೋ ಬೇಡವೋ, ಹೇಳಿದರೆ ಆ ಮನೆಯ ಬಾಗಿಲು ನನಗೆ...

ಗುರುವಾರಗಳು ನೆನಪಾಗುತ್ತವೆ. ಫ್ಯಾಕ್ಟರಿಗೆ ವಾರದ ರಜೆ, ನೀನು ಪ್ರೆಸ್ ಮಷಿನ್ ಬಿಟ್ಟು, ನಾನು ಸ್ಟೋರ್ಸ್ ಬಿಟ್ಟು, ದೇಹೂ ರೋಡಿನ ನಿಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂರುವುದು. ನಿಯಮ ನೀನೇ ಮಾಡಿದ್ದು. ಯಾವ ಹೊಸ ಆಲ್ಬಂ ಬಂದರೂ ಮೂರು ಸಲ ಕೇಳಬೇಕು. ಮೊದಲ ಸಲ ಸ್ಪೀಕರಿನಲ್ಲಿ ಜೋರಾಗಿ. ಎರಡನೆಯ ಸಲ ಇಯರ್‌ಫೋನಿನ ಒಂದು ತುದಿ ನಿನ್ನ ಕಿವಿಗೆ, ಒಂದು ನನ್ನ ಕಿವಿಗೆ. ಮೂರನೆಯ ಸಲ ಲೋಕಲ್ ರೈಲಿನಲ್ಲಿ, ದೇಹೂ ರೋಡಿನಿಂದ ಶಿವಾಜಿನಗರದವರೆಗೆ. "ಗಾಡಿ ಗದ್ದಲದಾಗೂ ಯಾವ ಹಾಡು ನಿಂದರತದ, ಅದು ಹಾಡು. ಉಳದದ್ದು ಸೌಂಡ್" ಎನ್ನುತ್ತಿದ್ದೆ. ಅಲ್ಲಿಯವರೆಗೆ ಯಾರೂ ಅಭಿಪ್ರಾಯ ಹೇಳುವಂತಿಲ್ಲ, ಮಾರ್ಕ್ಸು ಬರೆಯುವಂತಿಲ್ಲ.

ಒಮ್ಮೆ ನಿಮ್ಮ ಅವ್ವ ಮೆಂತ್ಯ ಸೋಸುತ್ತ ಕೂತಿದ್ದರು. ನೀನು ಹೊಸದೊಂದನ್ನು ಹಚ್ಚಿದೆ. ಅರ್ಧ ಹಾಡಿಗೆ ಅವರು ತಲೆ ಎತ್ತಿದರು. "ಯಪ್ಪಾ, ಯಾರರೆ ಅವನ ಕುತಗಿ ಹಿಚಕಾಕತ್ತಾರೇನೋ?" "ಹೌದವ್ವಾ, ಅವಾ ಭಾಳ ಖುಷಿಲೆ ಹಿಚಕಿಸ್ಕೊಳ್ಳಾಕತ್ತಾನ." "ಹಂಗಾರ ಲಗೂ ಮುಗಸ್ರಿ. ಕುಕ್ಕರ್ ಸೀಟಿ ಕೇಳಸವಲ್ದು." ನೀನು ನಕ್ಕು ಸೌಂಡ್ ಇಳಿಸಿದೆ. ಆಮೇಲೆ ಆ ಆಲ್ಬಮ್ಮಿಗೆ ನೀನು ಕೊಟ್ಟಿದ್ದು ಹತ್ತಕ್ಕೆ ಐದೇ. ನಿನ್ನ ತಕರಾರು ಯಾವಾಗಲೂ ಒಂದೇ ಇತ್ತಲ್ಲ, ಈಗಿನವರು ಡ್ರಮ್ಮನ್ನು ಎಲ್ಲಕ್ಕಿಂತ ಮೇಲೆ ಕೂರಿಸಿ, ಹಾಡುವವನನ್ನು ಅದರ ಕೆಳಗೆ ಹೂಳುತ್ತಾರೆ ಎಂದು. ದಿನಕ್ಕೆ ಎಂಟು ತಾಸು ಪ್ರೆಸ್ ಮಷಿನ್ನಿನ ಬಡಿತ ಕೇಳುವವನಿಗೆ ಬಡಿತದ ಮೋಹ ಇರಲಿಲ್ಲ. ಮಾತು ಕೇಳಬೇಕಿತ್ತು ನಿನಗೆ.

ಪರದೇಶದ ಸಂಗೀತ ಪುರಸ್ಕಾರ ಸಮಾರಂಭಗಳ ಸೋಮವಾರವೂ ನೆನಪಿದೆ. ಅಲ್ಲಿ ಅವರಿಗೆ ಭಾನುವಾರ ಸಂಜೆ, ನಮಗೆ ಸೋಮವಾರ ಬೆಳಿಗ್ಗೆ. ಸೆಕೆಂಡ್ ಶಿಫ್ಟಿಗೆ ಹೋಗುವ ಮೊದಲು ಅವಲಕ್ಕಿ ತಟ್ಟೆ ಹಿಡಿದು ಟಿವಿ ಮುಂದೆ. ಮೂರು ತಾಸು ಕುಣಿತ, ಅಳು, ಅಮ್ಮನಿಗೆ ಥ್ಯಾಂಕ್ಸು. ರಾಕ್ ಪ್ರಶಸ್ತಿ ಬರುವ ಹೊತ್ತಿಗೆ ಜಾಹೀರಾತು. ತಿರುಗಿ ಬಂದಾಗ ಕೆಳಗೆ ಓಡುವ ಅಕ್ಷರಗಳಲ್ಲಿ ಹೆಸರು ಬಂದು ಹೋಗುತ್ತಿತ್ತು. ಒಂದು ವರ್ಷ ಗಿಟಾರೇ ಇಲ್ಲದ ಹಾಡಿಗೆ ರಾಕ್ ಪ್ರಶಸ್ತಿ ಕೊಟ್ಟಾಗ ನೀನು ಚಪ್ಪಲಿ ಎಸೆದೆ. ಟಿವಿಯ ಮೂಲೆಯಲ್ಲಿ ಆ ಬಿರುಕು ಇನ್ನೂ ಇದೆ, ಸುದ್ದಿ ಓದುವವರ ಎಡ ಕಿವಿಯ ಮೇಲೆ ಬರುತ್ತದೆ. ಈ ವರ್ಷ ನಾನೊಬ್ಬನೇ ನೋಡಿದೆ. ಎಪ್ಪತ್ತು ದಾಟಿದ ನಾಲ್ವರಿಗೆ ಕೊಟ್ಟರು. ನನಗೆ ವಯಸ್ಸಿನ ಬಗ್ಗೆ ತಕರಾರಿಲ್ಲ. ಆ ಮುದುಕರ ಮೊದಲ ಆಲ್ಬಂ ಕೇಳಿದರೆ ಯಾರೋ ಒಳಗಿನಿಂದ ಬಾಗಿಲು ಒದೆಯುತ್ತಿದ್ದಾರೆ ಅನಿಸುತ್ತದೆ. ಹೊಸದರಲ್ಲಿ ಬಾಗಿಲಿಗೆ ಬಣ್ಣ ಹಚ್ಚುತ್ತಾ ಕೂತಿದ್ದಾರೆ. ಶಿಲ್ಲಾಂಗಿನ ಹುಡುಗಿಯರ ತಂಡವೊಂದು ಬಂದಿದೆ, ಅದನ್ನು ನೀನು ಕೇಳಬೇಕಿತ್ತು. ಗ್ರೈಂಡರಿಗೆ ಕಬ್ಬಿಣ ಕೊಟ್ಟ ಹಾಗೆ ಗಿಟಾರು, ಆದರೂ ಪ್ರತಿ ಮಾತು ಸ್ಪಷ್ಟ. ಎಂಟು ಕೊಡುತ್ತಿದ್ದೆ ನೀನು. ನಾನೂ ಎಂಟೇ ಕೊಟ್ಟೆ. ನಾವಿಬ್ಬರೂ ಒಂದೇ ಮಾರ್ಕ್ಸು ಕೊಟ್ಟದ್ದು ಎಷ್ಟು ಸಲ? ನಾಲ್ಕೋ ಐದೋ. ಈಗ ನಿನ್ನ ಕಾಲಮ್ಮಿನಲ್ಲಿ ನಾನೇ ಬರೆಯಲು ಹೋಗಿ ಪೆನ್ನು ಎತ್ತಿಟ್ಟೆ.

ನಮ್ಮ ಜಗಳ ಶುರುವಾದದ್ದು ಆ ನಾರ್ವೆಯವರ ಆಲ್ಬಮ್ಮಿನಿಂದ. ಬಂದ ದಿನವೇ ನಾನು ಒಬ್ಬನೇ, ಒಂದೇ ಸಲ ಕೇಳಿ ಒಂಬತ್ತು ಎಂದು ಬರೆದುಬಿಟ್ಟೆ. ನಿಯಮ ಮುರಿದವನು ನಾನು. ನೀನು ಮೂರು ಸಲ ಕೇಳಿ ನಾಲ್ಕು ಬರೆದೆ. ಅಷ್ಟೇ ಆಗಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಭಾನುವಾರ ಬಾಣೇರಿನ ಕಡೆಯ ಮೈದಾನದಲ್ಲಿ, ನಮ್ಮ ಗುಂಪಿನವರೆಲ್ಲ ಇರುವಾಗ, ನೀನು ಎಲ್ಲರಿಗೂ ಕೇಳುವಂತೆ ಹೇಳಿದೆ. "ಮಲ್ಲ್ಯಾ ಸ್ಟೋರ್ಸಿನಾಂವ. ಡಬ್ಬಿ ಮ್ಯಾಲಿನ ಲೇಬಲ್ ನೋಡಿ ಒಳಗಿಂದ ಹೇಳತಾನ. ತಗದು ನೋಡೂದು ಅವಂಗ ಗೊತ್ತಿಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಹಲ್ಲು ಕಚ್ಚಿಕೊಂಡಿದ್ದೆ. ಹನ್ನೆರಡನೆಯ ಕ್ಲಾಸಿಗೆ ಓದು ನಿಲ್ಲಿಸಿದವನಿಗೆ ಯಾವ ಮಾತು ಎಲ್ಲಿ ನೆಡುತ್ತದೆ ಎಂದು ನಿನಗೆ ಗೊತ್ತಿತ್ತಲ್ಲ? ನೀನು ಅದೇ ಜಾಗ ನೋಡಿ...

ಆ ಸಂಜೆ ವೇದಿಕೆಯ ಮೇಲೆ ಇಲ್ಲಿಯದೇ ರಾಕ್ ತಂಡ, ಸಾತವಿ ಭಟ್ಟಿ. ಹಾಡುವ ರೋಹನ ಎಂದಿನಂತೆ ಕೈಯಿಂದ ಜನರನ್ನು ಎರಡು ಪಾಲು ಮಾಡಿದ. ನಾವಿಲ್ಲಿ ಅದನ್ನು ಮರಾಠಿಯಲ್ಲೇ ಭಿಂತ ಎನ್ನುತ್ತೇವೆ, ಗೋಡೆ. ಎರಡು ಗೋಡೆ, ನಡುವೆ ಖಾಲಿ ಜಾಗ. ಅವನು ಓಡಿ ಎಂದು ಕೂಗಿ, ಡ್ರಮ್ಮು ಬಿದ್ದ ಕೂಡಲೇ ಎರಡೂ ಕಡೆಯವರು ಓಡಿಬಂದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು. ಹೊರಗಿನವರಿಗೆ ಅದು ಹುಚ್ಚಾಟ. ನಮಗೆ ಅದರೊಳಗೂ ಕಟ್ಟಳೆಗಳಿದ್ದವು. ಎರಡೂ ಅಂಗೈ ಎದೆಯ ಮುಂದೆ ತೆರೆದಿರಬೇಕು. ತಲೆ ಪಕ್ಕಕ್ಕಿರಬೇಕು. ಬಿದ್ದವನನ್ನು ಎರಡು ಸೆಕೆಂಡಿನಲ್ಲಿ ಎತ್ತಿ ನಿಲ್ಲಿಸಬೇಕು. ನಾವಿಬ್ಬರೂ ಯಾವಾಗಲೂ ಎದುರು ಬದುರು ನಿಲ್ಲುತ್ತಿದ್ದೆವು, ನಟ್ಟ ನಡುವೆ ಸಿಕ್ಕು ಅಪ್ಪಿಕೊಳ್ಳಲು. ಅವತ್ತು ನೀನು ಅಂಗೈ ತೆರೆದುಕೊಂಡು, ಹಲ್ಲು ಕಿರಿದುಕೊಂಡು ಬಂದೆ. ನಾನು ಕೈ ತೆರೆಯಲಿಲ್ಲ. ಭುಜ ತಗ್ಗಿಸಿದೆ. ನಿನ್ನ ಎದೆಯ ನಡುವೆಯೇ ನೋಡಿ ಬಡಿದೆ. ನಿನ್ನ ಉಸಿರು ಹೊರಗೆ ಬಿದ್ದ ಸದ್ದು ಅಷ್ಟು ಗದ್ದಲದಲ್ಲೂ ಕೇಳಿಸಿತು. ಆ ಒಂದು ಕ್ಷಣ ನನಗೆ ಹಿತವಾಗಿತ್ತು ಗುರ್ಯಾ. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ನೀನು ಹಿಂದಕ್ಕೆ ಬಿದ್ದೆ. ತಲೆ ವೇದಿಕೆಯ ಮುಂದಿನ ಕಾಂಕ್ರೀಟು ನೆಲಕ್ಕೆ ಬಡಿಯಿತು. ಎರಡು ಸೆಕೆಂಡಿನಲ್ಲಿ ನಾಲ್ಕು ಜನ ನಿನ್ನನ್ನು ಎತ್ತಿ ನಿಲ್ಲಿಸಿದೆವು, ಅದರಲ್ಲಿ ನಾನೂ ಒಬ್ಬ. ಎಷ್ಟು ಹೆಮ್ಮೆ ನಮಗೆ ಆ ಎರಡು ಸೆಕೆಂಡಿನ ಬಗ್ಗೆ. ನೀನು ತಲೆ ಸವರಿಕೊಂಡು ಹೇಳಿದೆ, "ಭಾರಿ ಟಕ್ಕರ್ ಕೊಟ್ಟೆಲ್ಲೋ." ಇನ್ನೂ ಎರಡು ಹಾಡಿಗೆ ಕುಣಿದೆ, ನಾವು ಕುಣಿಸಿದೆವು. ಆಮೇಲೆ ವಾಂತಿ. ಮಧ್ಯಾಹ್ನವೆಲ್ಲ ನಿಂತ ಬಿಸಿಲಿಗೆ ಅಂದುಕೊಂಡೆವು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಬಿದ್ದ ಮೇಲೆ ಇವನನ್ನು ಎಬ್ಬಿಸಿದ್ದು ಯಾರು ಎಂದು. ಮಲಗಿಸಿಯೇ ಇಡಬೇಕಿತ್ತಂತೆ. ಆಗಲೇ ಕರೆತರಬೇಕಿತ್ತಂತೆ. ಬಿದ್ದವನನ್ನು ಎತ್ತುವುದೇ ದೊಡ್ಡ ಗುಣ ಎಂದು ತಿಳಿದಿದ್ದ ನಾವು ಗೋಡೆಗೆ ಒರಗಿ ನಿಂತಿದ್ದೆವು. ಮೂರನೆಯ ದಿನ ನೀನು ಹೋದೆ. ನಿನಗೆ ಬಡಿದ ಭುಜದ ಮೇಲೆಯೇ ನಿನ್ನನ್ನು ಹೊತ್ತೆ.

ನವೆಂಬರಿನಲ್ಲಿ ಸಾತವಿ ಭಟ್ಟಿಯ ಹೊಸ ಹಾಡು ಬಂತು. ಹೆಸರು 'ಭಿಂತ'. ನಿನ್ನ ಮೇಲೆ ಬರೆದದ್ದು. ನಿನ್ನ ಹೆಸರೂ ಅದರಲ್ಲಿದೆ. ಸ್ಟೋರ್ಸಿನಲ್ಲಿ ಕೂತಿದ್ದಾಗ ಫೋನಿನಲ್ಲಿ ಬಂತು. ಮೊದಲ ಸಲ ಕೇಳಿ ಎದ್ದುಹೋಗಿ, ಮಷಿನ್ ಒರೆಸುವ ಬಟ್ಟೆಯ ಮೂಟೆಗೆ ಗುದ್ದಿದೆ. ಗೆಣ್ಣು ಸುಲಿಯುವ ತನಕ ಗುದ್ದಿದೆ. ಆಮೇಲೆ ದಿನಾ ಊಟದ ಹೊತ್ತಿನಲ್ಲಿ ಗುದ್ದುತ್ತಿದ್ದೆ, ರೋಹನನ ಮುಖ ಎಷ್ಟು ಎತ್ತರದಲ್ಲಿರುತ್ತದೆ ಎಂದು ಅಂದಾಜು ಮಾಡಿ. ನಿನ್ನ ಸಾವನ್ನು ಎತ್ತಿಕೊಂಡು ಹಾಡು ಮಾಡಲು ಅವನಿಗೆ ಏನು ಹಕ್ಕು? ನಾನು ಮುಚ್ಚಿಟ್ಟದ್ದನ್ನು ಅವನು ಗಿಟಾರಿಗೆ ಕಟ್ಟಿ ಊರಿಗೆಲ್ಲ ಹಂಚಿದ. ಆದರೂ ನಿಯಮ ನಿಯಮವೇ. ಎರಡನೆಯ ಸಲ ಇಯರ್‌ಫೋನಿನಲ್ಲಿ ಕೇಳಿದೆ, ಒಂದು ತುದಿ ಖಾಲಿ ಜೋತಾಡುತ್ತಿತ್ತು. ಮೂರನೆಯ ಸಲ ರೈಲಿನಲ್ಲಿ. ಅದರಲ್ಲಿ ಎರಡು ಗಿಟಾರು ಎರಡು ಕಡೆಯಿಂದ ಓಡಿಬರುತ್ತವೆ. ನಡುವೆ ಸೇರುವ ಜಾಗದಲ್ಲಿ ಎಲ್ಲ ನಿಂತು ಒಂದು ಉಸಿರು ಮಾತ್ರ ಕೇಳುತ್ತದೆ. ಆಕುರ್ಡಿ ದಾಟುವಾಗ ಬಾಗಿಲಿನ ಕಂಬ ಹಿಡಿದು ಮುಖವನ್ನು ಹೊರಗಿನ ಗಾಳಿಗೆ ಒಡ್ಡಿದೆ. ಹಾಡು ಚೆನ್ನಾಗಿದೆ ಗುರ್ಯಾ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಕೆಟ್ಟದ್ದಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆನೇನೋ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ನಿಮ್ಮ ಅವ್ವ ಒಂದು ಕಾರ್ಡು ಹಿಡಿದು ನಮ್ಮ ಮನೆಗೆ ಬಂದರು. ಖರಾಡಿಯಲ್ಲಿ ರಾಕ್ ತಂಡಗಳ ಪುರಸ್ಕಾರ ಸಮಾರಂಭ, 'ಭಿಂತ'ಕ್ಕೆ ವರ್ಷದ ಹಾಡಿನ ಪ್ರಶಸ್ತಿ, ಅವರು ಬರಬೇಕಂತೆ. "ನನಗೇನ್ ತಿಳೀತದಪಾ ಅಲ್ಲಿ? ನೀ ಜೋಡಿ ಬಾ" ಎಂದರು. ನಾನು ಹೂಂ ಎಂದೆ. ನಿಜ ಹೇಳುತ್ತೇನೆ, ಅವರಿಗಾಗಿ ಅಲ್ಲ. ರೋಹನ ಕೈಗೆ ಸಿಗುತ್ತಾನೆ ಎಂದು.

ಆ ಸಮಾರಂಭ ನೋಡಿದ್ದರೆ ನೀನು ಎರಡೂ ಚಪ್ಪಲಿ ಎಸೆಯುತ್ತಿದ್ದೆ. ನಿರೂಪಕ ತಂಡಗಳ ಹೆಸರನ್ನೇ ತಪ್ಪು ಓದಿದ. ಡ್ರಮ್ ಬಾರಿಸುವವನಿಗೂ ಎಲ್ಲರಂತೆ ಗಿಟಾರಿನ ಆಕಾರದ್ದೇ ಪ್ರಶಸ್ತಿ. ಕಬ್ಬಿಣದ್ದು, ಮೂಲೆಗಳು ಚೂಪು. ಪಕ್ಕದವರೊಬ್ಬರು ನಿಮ್ಮ ಅವ್ವನನ್ನು ಮರಾಠಿಯಲ್ಲಿ ಕೇಳಿದರು, ನಿಮ್ಮ ಮಗ ಯಾವ ತಂಡದಲ್ಲಿದ್ದಾನೆ ಎಂದು. ಅವರು "ಇಲ್ಲ" ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಂಡರು. ಆಮೇಲೆ ರೋಹನ ಮೇಲೆ ಬಂದ. ಮೈಕ್ ಹಿಡಿದು, "ಪಳಾ ಅಸಂ ಮೀ ಓರಡ್ಲೊ. ಚೂಕ ಮಾಝೀ ಆಹೆ" ಎಂದ. ಓಡಿ ಎಂದು ಕೂಗಿದವನು ನಾನು, ತಪ್ಪು ನನ್ನದು ಎಂದು. ದೀಪಗಳೆಲ್ಲ ಅವನ ಮೇಲೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಿಮ್ಮ ಅವ್ವನನ್ನು ಮೇಲೆ ಕರೆದು ಪ್ರಶಸ್ತಿಯನ್ನು ಅವರ ಕೈಗೇ ಕೊಟ್ಟು ಕಾಲು ಮುಟ್ಟಿದ. ಅವರು ಅವನ ತಲೆ ಸವರಿದರು. ಆ ತಪ್ಪು ಅವನದ್ದಲ್ಲ, ಅದು ನನ್ನದು. ನಾನು ಹದಿಮೂರು ತಿಂಗಳು ಒಳಗೆ ಸಾಕಿದ್ದನ್ನು ಅವನು ಎರಡು ಮಾತಿನಲ್ಲಿ ಕಿತ್ತುಕೊಂಡು ಚಪ್ಪಾಳೆ ತೆಗೆದುಕೊಂಡ.

ವೇದಿಕೆಯ ಹಿಂದಿನ ಕಬ್ಬಿಣದ ಮೆಟ್ಟಿಲ ಬಳಿ ಅವನು ನಿಮ್ಮ ಅವ್ವನನ್ನು ಕೈಹಿಡಿದು ಇಳಿಸುತ್ತಿದ್ದ. ಅವರ ಕೈ ಬಿಡುವ ತನಕ ಕಾದೆ. ಆಮೇಲೆ ಬಾಯಿಗೆ ಗುದ್ದಿದೆ. ಹಲ್ಲು ತುಟಿಗೆ ನೆಟ್ಟು ರಕ್ತ ಬುಳಕ್ಕನೆ ಬಂತು. ಅವನು ಗೋಡೆಗೆ ಒರಗಿದ, ಕೈ ಎತ್ತಲಿಲ್ಲ. ಇನ್ನೊಮ್ಮೆ ಗುದ್ದಿದೆ. ಬಗ್ಗಿ, ರಕ್ತ ಉಗುಳಿ, "ಮಾರ್" ಎಂದ, ಹೊಡಿ ಎಂದು. ಆ ಭಾನುವಾರ ವೇದಿಕೆಯ ಮೇಲಿನಿಂದ ಅವನು ನನ್ನನ್ನು ನೋಡಿದ್ದ ಗುರ್ಯಾ. ಭುಜ ತಗ್ಗಿಸಿದ್ದನ್ನೂ ನೋಡಿದ್ದ. ಅವನ ಕಣ್ಣಲ್ಲಿ ಅದು ಕಂಡಿತು. ನೋಡಿಯೂ ಯಾರಿಗೂ ಹೇಳಿರಲಿಲ್ಲ. ಮೂರನೆಯ ಸಲ ಎತ್ತಿದ ಕೈ ಹಾಗೇ ನಿಂತಿತು.

"ಹುಚ್ಚ ಹಿಡೀತೇನೋ ನಿನಗ?" ನಿಮ್ಮ ಅವ್ವ ನನ್ನ ಅಂಗಿ ಹಿಡಿದು ಜಗ್ಗಿದರು. "ಪಾಪ, ಅವಾ ತಪ್ಪು ಒಪ್ಪಿಕೊಂಡಾನ. ಅವನ್ನ ಯಾಕ ಹೊಡದಿ?"

"ತಪ್ಪು ಅವಂದಲ್ಲ ಕಾಕು. ಗುರ್ಯಾನ್ನ ಹೊಡದಾಂವ ನಾ."

"ಏನಂದಿ?"

"ಗದ್ಲದಾಗ ಬಡದದ್ದಲ್ಲರಿ. ಜಗಳಾಗಿತ್ತು. ನೋಡಿ, ಬೇಕಂತನ ಹೊಡದೆ."

ಅವರು ನನ್ನ ಅಂಗಿ ಬಿಟ್ಟರು. "ಯಾವುದಕ್ಕ ಜಗಳ?"

"ಒಂದು ಆಲ್ಬಂ... ಮಾರ್ಕ್ಸಿಗೆ."

ಕೈಯಲ್ಲಿದ್ದ ಆ ಕಬ್ಬಿಣದ ಗಿಟಾರಿನಿಂದ ಹೊಡೆದರು. ಮೊದಲನೆಯದು ಹುಬ್ಬಿನ ಮೇಲೆ. ಎರಡನೆಯದು ಕಿವಿಗೆ. ಆಮೇಲೆ ಭುಜಕ್ಕೆ, ಭುಜಕ್ಕೆ, ಮತ್ತೆ ಭುಜಕ್ಕೆ. ಯಾವ ಭುಜ ಎಂದು ನಾನು ಹೇಳಿರಲಿಲ್ಲ. ಕೂಗಲಿಲ್ಲ, ಅಳಲಿಲ್ಲ, ಮೂಗಿನಲ್ಲಿ ಉಸಿರು ಬಿಡುತ್ತ ಹೊಡೆದರು, ಹಾಸಿಗೆಯ ಧೂಳು ಬಡಿಯುವ ಹಾಗೆ. ರಕ್ತ ಕಣ್ಣಿಗಿಳಿದು ಏನೂ ಕಾಣುತ್ತಿರಲಿಲ್ಲ. ನಾನು ಕೆಳಗೆ ಬಿದ್ದೆ. ಯಾರೋ ನನ್ನನ್ನು ಎತ್ತಲು ಬಗ್ಗಿದರು. "ಎಬ್ಬಸಬ್ಯಾಡ್ರಿ" ಎಂದರು ನಿಮ್ಮ ಅವ್ವ. "ಹಂಗ ಮಲಗಲಿ. ಡಾಕ್ಟರನ್ನ ಕರೀರಿ." ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ನಮ್ಮನಿ ಹೊಸ್ತಿಲಾ ತುಳದೀ ನೋಡು" ಎಂದು ಹೋದರು. ಹುಬ್ಬಿಗೆ ಐದು ಹೊಲಿಗೆ. ರೋಹನನ ತುಟಿಗೆ ಎರಡು. ಒಂದೇ ಬೆಂಚಿನ ಮೇಲೆ ಕೂತು ಹಾಕಿಸಿಕೊಂಡೆವು.

ಮೂರು ಗುರುವಾರ ನಿಮ್ಮ ಓಣಿಯ ಕಡೆ ಹೋಗಲಿಲ್ಲ. ನಾಲ್ಕನೆಯ ಗುರುವಾರ ಬೆಳಿಗ್ಗೆ ಫೋನು ಬಂತು. "ಪುಸ್ತಕ ತಗೊಂಡು ಬಾ" ಎಂದು ಇಟ್ಟುಬಿಟ್ಟರು. ಹೋದೆ. ಹೊಸ್ತಿಲ ಹೊರಗೇ ನಿಂತೆ. ಅವರು ಸ್ಪೀಕರನ್ನು ಒರೆಸಿ ನಡುವೆ ಇಟ್ಟಿದ್ದರು. ಚಹಾ ಇರಲಿಲ್ಲ. "ಒಳಗ ಬಂದು ಹಚ್ಚು. ಮೊದಲ ಆ ಹುಡುಗಂದು, ಆಮ್ಯಾಲ ನೀವು ಜಗಳಾಡಿದ್ದು." ಎರಡನ್ನೂ ಜೋರಾಗಿ ಕೇಳಿದರು. ಎರಡನೆಯ ಸಲಕ್ಕೆ ಇಯರ್‌ಫೋನಿನ ಒಂದು ತುದಿ ತಾವೇ ಕೇಳಿ ತೆಗೆದುಕೊಂಡರು. ಆಮೇಲೆ ಚಪ್ಪಲಿ ಮೆಟ್ಟಿದರು. "ನಡಿ. ಇನ್ನ ರೈಲು ಅಲ್ಲೇನು?" ಗುರ್ಯಾ, ಅಷ್ಟು ವರ್ಷ ಮೆಂತ್ಯ ಸೋಸುತ್ತ, ಕುಕ್ಕರಿಗೆ ಬೈಯುತ್ತ ಅವರು ನಮ್ಮ ನಿಯಮವನ್ನೆಲ್ಲ ಕೇಳಿಸಿಕೊಂಡಿದ್ದಾರೆ.

ಹೋಗುವಾಗ 'ಭಿಂತ'. ಹಾಡು ಚಿಕ್ಕದು, ಪಿಂಪ್ರಿ ಬರುವುದರೊಳಗೇ ಮುಗಿಯಿತು. ಪುಸ್ತಕ ತೆಗೆಸಿದರು.

"ನೀ ಎಷ್ಟ ಕೊಟ್ಟಿ?"

"ಒಂಬತ್ತರಿ."

"ನಂದು ಆರು ಬರಿ."

"ಯಾಕ್ರಿ ಕಾಕು?"

"ಡ್ರಮ್ಮು ಭಾಳ ಜೋರ ಆಗೇದ. ನನ್ನ ಮಗನ ಹೆಸರ ಕೇಳಸೂದಿಲ್ಲ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಆ ಮಾತು ಯಾರದ್ದು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಎಡಗಡೆ, ನಿನ್ನ ಕಾಲಮ್ಮಿನಲ್ಲಿ, ಆರು ಬರೆದೆ. ಅವರು ಓದಿ ನೋಡಿ ತಲೆ ಆಡಿಸಿದರು.

ಶಿವಾಜಿನಗರದಲ್ಲಿ ಇಳಿದು ಗಾಡಿಗೆ ಕಾಯುವಾಗ, ಮಾತು ಸ್ಪಷ್ಟ ಕೇಳುವ ಶಿಲ್ಲಾಂಗಿನ ಹುಡುಗಿಯರ ತಂಡದ ಬಗ್ಗೆ ಹೇಳಿದೆ. ಮರಳುವ ಗಾಡಿ ಹತ್ತಿ, ನಾರ್ವೆಯವರ ಆಲ್ಬಂ ಹಚ್ಚಿದೆ. ಖಡಕಿ, ದಾಪೋಡಿ, ಕಾಸರವಾಡಿ. ಅವರು ಕಣ್ಣು ಮುಚ್ಚಿ ಕೂತಿದ್ದರು. ತಂತಿ ಎಳೆದಾಗಲೆಲ್ಲ ನಮ್ಮ ತಲೆಗಳು ಹತ್ತಿರ ಬರುತ್ತಿದ್ದವು. ನನಗೂ ಅದು ಮೊದಲ ಸಲ ಪೂರ್ತಿ ನಿಯಮದಂತೆ ಕೇಳಿದ್ದು. ಶುರುವಿನ ಎರಡು ಹಾಡು ಹೊಡೆತಕ್ಕೆ ಹೊಡೆತ, ಮೂರನೆಯದರಿಂದ ಅದೇ ಹೊಡೆತ ಮತ್ತೆ ಮತ್ತೆ. ಐದನೆಯದರ ನಂತರ ಆ ತಂಡದವರಿಗೆ ಹೇಳಲು ಏನೂ ಉಳಿದಿಲ್ಲ, ಸೌಂಡ್ ಮಾತ್ರ ಏರಿಸುತ್ತಾರೆ. ಆಕುರ್ಡಿಯಲ್ಲಿ ಮುಗಿಯಿತು. ನಿಮ್ಮ ಅವ್ವ ಇಯರ್‌ಫೋನ್ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು.

"ಇದರ ಸಲುವಾಗೇನೋ, ಮಲ್ಲ್ಯಾ?"

ಹೌದು ಎಂದೆ. ದೇಹೂ ರೋಡ್ ಬಂತು. ಇಳಿಯುವಾಗ ಎಂದಿನಂತೆ ಕೈ ಕೊಡಲು ಹೋದೆ, ಅವರು ಹಿಡಿಯಲಿಲ್ಲ, ಕಂಬ ಹಿಡಿದು ತಾವೇ ಇಳಿದರು. ನಾಲ್ಕು ಹೆಜ್ಜೆ ಮುಂದೆ ಹೋಗಿ, ತಿರುಗದೆಯೇ, "ಆ ಹುಡುಗ್ಯಾರದು ಅಂದೆಲ್ಲಾ, ಶಿಲ್ಲಾಂಗಿಂದು. ಗುರುವಾರ ಅದನ್ನ ತಗೊಂಡು ಬಾ" ಎಂದರು.

ರೋಹನನಿಗೆ ಫೋನು ಮಾಡಬೇಕು. ಮಾಡುತ್ತೇನೆ. ಇನ್ನು ಯಾವ ಮೈದಾನದಲ್ಲಿ ನಿಂತರೂ ಕೈ ತೆರೆದೇ ಓಡುತ್ತೇನೆ. ಮತ್ತು ಯಾರಾದರೂ ಬಿದ್ದರೆ, ಎಷ್ಟೇ ಜನ ಬೈದರೂ, ಎತ್ತಲು ಬಿಡದೆ ಅವನ ಸುತ್ತ ನಿಲ್ಲುತ್ತೇನೆ.

ಇವತ್ತು ಈ ಪುಸ್ತಕದ ಆ ಪುಟ ತೆರೆದು, ನನ್ನ ಒಂಬತ್ತನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ನಿನ್ನ ನಾಲ್ಕು ಹಾಗೇ ಇದೆ. ನೀನು ಕೇಳುವುದು ಗೊತ್ತು. ಇಲ್ಲ ಗುರ್ಯಾ, ನಾಲ್ಕಲ್ಲ. ಆ ಮೊದಲ ಎರಡು ಹಾಡು ನಿಜಕ್ಕೂ ಚೆನ್ನಾಗಿವೆ. ಮೂರು ಸಲ ಕೇಳಿಯೇ ಹೇಳುತ್ತಿದ್ದೇನೆ. ಐದು.

ನಿನ್ನ
ಮಲ್ಲ್ಯಾ